ಬಿಟ್ಟುಹೋದ ಅವಲಕ್ಕಿ ಗಂಟು

ಲಾಂಚಿನಿಂದ ದಕ್ಕೆಗೆ ಕಾಲಿಟ್ಟವಳೇ ಹಿಂದಕ್ಕೆ ತಿರುಗಿ "ಅಪ್ಪಾ... ಇಳಿಯಪ್ಪಾ..." ಎಂದು ಕೂಗಿದೆ. ಕೂಗಿದ್ದೇ ತಡ, ದಕ್ಕೆಯ ಮೇಲಿದ್ದ ಗಂಡಸರೆಲ್ಲ ಒಟ್ಟಿಗೆ "ಓ" ಎಂದರು. ಬಲೆ ಹೆಣೆಯುತ್ತಿದ್ದವರು, ಐಸಿನ ಪೆಟ್ಟಿಗೆ ಎಳೆಯುತ್ತಿದ್ದವರು, ಕೊನೆಗೆ ಚಹಾದಂಗಡಿಯ ಬೆಂಚಿನ ಮೇಲೆ ಮುಖಕ್ಕೆ ಪೇಪರು ಮುಚ್ಚಿಕೊಂಡು ಮಲಗಿದ್ದವನೂ. ಓ ಅನ್ನದೆ ಉಳಿದವನು ನಮ್ಮಪ್ಪ ಒಬ್ಬನೇ. ಅವನಿಗೆ ಕಿವಿ ಕೇಳುವುದಿಲ್ಲ.

ಬಸ್ ಡಿಪೋದಲ್ಲಿ ಜೀವಮಾನವೆಲ್ಲ ತಗಡು ಬಡಿದು ಬಡಿದು ಅಪ್ಪನ ಕಿವಿ ಹೋಯಿತು. ಬಲಗಿವಿ ಪೂರ್ತಿ ಸತ್ತಿದೆ. ಎಡಗಿವಿಗೆ ಬಾಯಿಟ್ಟು ಗಂಟಲು ಹರಿಯುವ ಹಾಗೆ ಕೂಗಿದರೆ ಒಂದಿಷ್ಟು ಒಳಗಿಳಿಯುತ್ತದೆ, ಅದೂ ನನ್ನ ದನಿಯಾದರೆ ಮಾತ್ರ. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ನಾನು ಬಾರಿಸುವುದು ಕಿನ್ನರಿಯಲ್ಲ, ತಮಟೆ. ನನ್ನದು ಹೊಲಿಗೆ ಅಂಗಡಿ. ಅಪ್ಪನಿಗೆ ಕಾಫಿ ಬೇಕಾ ಎಂದು ನಾನು ಕೇಳಿದರೆ ಬ್ಲೌಸಿನ ಅಳತೆ ಕೊಡಲು ಬಂದವರು ಜಗಳ ಶುರುವಾಯಿತೆಂದು ಎದ್ದು ನಿಲ್ಲುತ್ತಾರೆ.

ಅಪ್ಪ ಹುಟ್ಟಿದ್ದು ಈ ಊರಿನಲ್ಲಿ. ಚಿಕ್ಕ ಹುಡುಗನಾಗಿದ್ದಾಗ ಬಿಟ್ಟುಹೋದವನು ಮತ್ತೆ ಬಂದಿರಲಿಲ್ಲ. ಟೀವಿಯಲ್ಲಿ ಇಲ್ಲಿಯ ಕೋಟೆ, ದೀಪಸ್ತಂಭ ತೋರಿಸಿದಾಗಲೆಲ್ಲ ನಾನು ಹೋಗೋಣವೆಂದು ಪೀಡಿಸುತ್ತಿದ್ದೆ. "ಅಲ್ಲಿ ನನ್ನನ್ನ ಕರೀತಾ ಇರ್ತಾರೆ ಕಣಮ್ಮ, ನಾನು ಬರಲ್ಲ" ಎಂದುಬಿಡುತ್ತಿದ್ದ. ಈ ವರ್ಷ ತಾನಾಗಿಯೇ ಹೊರಟ. "ಈಗ ಹೋಗ್ಬೋದು. ಈಗ ನಂಗೇನೂ ಕೇಳ್ಸಲ್ವಲ್ಲ!" ಎಂದು ನಕ್ಕ. ಒಂದೇ ಷರತ್ತು, ತಾನು ಆ ಊರಿನವನೆಂದು ಯಾರಿಗೂ ಹೇಳಕೂಡದು. ಊರು ನೋಡಲು ಬಂದವರಂತೆ ಬಂದು, ಮೀನು ತಿಂದು, ಕೋಟೆ ಹತ್ತಿ ವಾಪಸು ಹೋಗುವುದು. ಆಗಲಿ ಎಂದೆ.

ಆದರೆ ದಕ್ಕೆಯ ಮೇಲೆ ನಾನು ಬಾಯಿ ಬಿಟ್ಟದ್ದೇ ಎಡವಟ್ಟಾಯಿತು. ಗಂಡಸರು ಓ ಎಂದು ತಮ್ಮ ಪಾಡಿಗೆ ಕೆಲಸಕ್ಕೆ ಮರಳಿದರೂ, ಸಾಲಾಗಿ ಕುಳಿತು ಬಂಗುಡೆ ಒಣಗಿಸುತ್ತಿದ್ದ ಹೆಂಗಸರ ಕೈ ನಿಂತೇ ಇತ್ತು. ಅವರಲ್ಲಿ ಒಬ್ಬಾಕೆ, ಎಪ್ಪತ್ತರ ಆಸುಪಾಸಿನವಳು, ಎದ್ದು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. "ನೀವಾ ಹ್ವಾಯ್ ಕರ್ದದ್ದ್? ಸಂಜಿಯೂ ಆಯ್ಲಿಲ್ಲ, ಆಗ್ಳೇ ಬಂತಾ ಅಂದ್ಕಂಡೆ" ಎಂದಳು. ಏನು ಬಂತು ಎಂದು ಕೇಳುವಷ್ಟರಲ್ಲಿ ನನ್ನ ಚೀಲ ಎತ್ತಿಕೊಂಡು ನಡೆದೇಬಿಟ್ಟಳು. ಅವಳೇ ಗುಲಾಬಿಯಕ್ಕ. ನಾವು ಫೋನಿನಲ್ಲಿ ರೂಮು ಹೇಳಿಟ್ಟಿದ್ದದ್ದು ಅವಳ ಮನೆಯಲ್ಲೇ.

ಮನೆ ಕೋಟೆಯ ಕೆಳಗಿನ ಓಣಿಯ ಕೊನೆಯಲ್ಲಿತ್ತು. ಬಾಗಿಲ ಚೌಕಟ್ಟಿನ ಮುಂದೆ ಅಪ್ಪ ನಿಂತುಬಿಟ್ಟ. ಚೌಕಟ್ಟಿನ ಎಡಗಡೆಯಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಯಾರೋ ಚಾಕುವಿನಿಂದ ಕೊರೆದ ಒಂದು ಮೀನಿತ್ತು. ಅಪ್ಪ ಅದರ ಮೇಲೆ ಹೆಬ್ಬೆರಳು ಇಟ್ಟ. ಆಮೇಲೆ ಏನೂ ಆಗದವನಂತೆ ಚಪ್ಪಲಿ ಕಳಚಿ ಒಳಗೆ ಹೋದ. ಅಪ್ಪ ಹುಟ್ಟಿದ ಮನೆ ಇದೇ ಎಂದು ನನಗೆ ಗೊತ್ತಾಯಿತು. ಗುಲಾಬಿಯಕ್ಕ ಒಲೆಯ ಕಡೆ ತಿರುಗಿದ್ದಳು, ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ಊಟವಾದ ಮೇಲೆ ಊರು ತೋರಿಸಲು ರಿಕ್ಷಾದ ಮೊಯ್ದಿನ್ ಬಂದರು. ಬಿಳಿ ಗಡ್ಡದ, ಬಾಯಿ ತುಂಬ ಮಾತಿನ ಮನುಷ್ಯ. "ನೋಡ್ಲಿಕ್ಕೆ ಕೋಟೆ ಉಂಟು, ದೀಪಸ್ತಂಭ ಉಂಟು, ಮಂಜಿ ಕಟ್ಟುವ ಜಾಗ ಉಂಟು, ಪರಂಗಿಯವರ ಉಪ್ಪುಮೀನಿನ ಗೋದಾಮು ಉಂಟು. ಆದ್ರೆ ಅಕ್ಕ, ನಂಬರ್ ಒನ್ ಅಂದ್ರೆ ಸಂಜೆಯ ಕರೆ. ಅದು ಕೇಳದೆ ಹೋದ್ರೆ ನೀವು ಬಂದದ್ದು ದಂಡ" ಎಂದರು. ರಿಕ್ಷಾ ಹೊರಟ ಕೂಡಲೇ ಪಕ್ಕದ ಮನೆಯ ಮಗುವೊಂದು ಯಾರನ್ನೋ "ಮಾಮಾ" ಎಂದಿತು. ಮೊಯ್ದಿನ್ ಬ್ರೇಕು ಹಾಕಿ ತಲೆ ಹೊರಗೆ ಚಾಚಿ "ಓ" ಎಂದು ಮುಂದೆ ಹೋದರು. ಕರೆ ತಮಗೇ ಇದ್ದೀತೆಂದು ಇಲ್ಲಿ ಕೇಳಿದವರೆಲ್ಲ ಓ ಅನ್ನುತ್ತಾರೆ, ಗಂಡ ಹೆಂಡತಿ ಮಾತು ಬಿಟ್ಟಿದ್ದರೂ ಓ ಅನ್ನುವುದನ್ನು ಬಿಡುವುದಿಲ್ಲವಂತೆ. ಕಡಲಿನ ಮೇಲೆ ಹೋಗಿ ಬಿದ್ದ ಕರೆಗೆ ಓ ಸಿಗದಿದ್ದರೆ ಅದು ಅಲ್ಲೇ ಉಳಿದು ದಿನಾ ಸಂಜೆಯ ಗಾಳಿಯ ಜೊತೆ ಬರುತ್ತದೆ. ಬೇರೆಯವರು ಎಷ್ಟು ಓ ಎಂದರೂ ಪ್ರಯೋಜನವಿಲ್ಲ, ಕರೆಸಿಕೊಂಡವರೇ ಅನ್ನಬೇಕು. ಹಾಗೆ ಅಂದರೆ ನಿಲ್ಲುತ್ತದೆ.

"ನಮ್ಮ ಕೇರಿಯಲ್ಲೇ ಒಬ್ಬ ಇದ್ದ ಅಕ್ಕ, ದುಡೀಲಿಕ್ಕೆ ಅಂತ ಹಡಗು ಹತ್ತಿ ಹೋದವ. ಹೆಂಡ್ತಿ ತಡೆಯದೆ ಕರೆದುಬಿಟ್ಟಿದ್ಳು. ತಲೆ ಹಣ್ಣಾದ ಮೇಲೆ ಬಂದ, ಬಂದವನೇ ಕೋಟೆಯ ಬತೇರಿ ಹತ್ತಿ ಓ ಅಂದ. ನಿಂತೋಯ್ತು. ಅವಳು ಅವನಿಗೆ ಒಂದು ವಾರ ಅನ್ನ ಹಾಕ್ಲಿಲ್ಲ ಮಾರಾಯ್ರೆ! ದಿನಾ ಸಂಜೆ ನನ್ನ ಪ್ರಾಯದ ಸ್ವರ ಕೇಳ್ತಿತ್ತು, ಬಂದು ಹಾಳು ಮಾಡಿದ ಅಂತ" ಎಂದು ಮೊಯ್ದಿನ್ ತೊಡೆ ತಟ್ಟಿಕೊಂಡರು. ನಾನೂ ನಕ್ಕೆ. ಅಪ್ಪ ನಮ್ಮ ಬಾಯಿಗಳನ್ನು ನೋಡಿ ಅಂದಾಜಿನ ಮೇಲೆ ನಕ್ಕ.

ಅವನು ಆ ದಿನವೆಲ್ಲ ಸಂತೋಷವಾಗಿದ್ದ. ಗೋದಾಮಿನ ಗೋಡೆಗೆ ಮೂಗು ಹಚ್ಚಿ ಮೂಸಿ ನೋಡಿದ. ಈಗ ಅದು ಖಾಲಿ, ಬರೀ ಪ್ರವಾಸಿಗಳ ಫೋಟೋಕ್ಕೆ ಇರುವ ಕಟ್ಟಡ, ಆದರೂ ಕಲ್ಲಿನಲ್ಲಿ ಉಪ್ಪಿನ ವಾಸನೆ ಉಳಿದಿದೆ. ಮಂಜಿ ಕಟ್ಟುವ ಜಾಗದಲ್ಲಿ ಅರ್ಧ ಮುಗಿದ ಹಾಯಿ ಹಡಗಿನ ಪಕ್ಕೆಲುಬುಗಳ ನಡುವೆ ಹೊಕ್ಕು ಹೊರಬಂದ. ಕೋಟೆಯೊಳಗೆ ಮೊಯ್ದಿನ್ ದಾರಿ ತೋರಿಸುವ ಮೊದಲೇ ಇವನು ತಿರುವಿನಲ್ಲಿ ತಿರುಗಿರುತ್ತಿದ್ದ. "ನಿಮ್ಮ ಅಪ್ಪ ಮೊದಲು ಬಂದಿದ್ದಾರಾ?" ಎಂದು ಅವರು ಕೇಳಿದರು. "ಕಿವಿ ಕೇಳಿಸದವರಿಗೆ ಕಣ್ಣು ಚುರುಕು" ಎಂದು ತೇಲಿಸಿದೆ. ಬಿಸಿಲು ಇಳಿಯುತ್ತಿದ್ದಂತೆ ಅಪ್ಪನ ನಗು ಇಳಿಯಿತು. ಸಂಜೆಯ ಕರೆಗೆ ಬತೇರಿಗೆ ಹೋಗೋಣವೆಂದರೆ, ಕಾಲು ನೋಯುತ್ತಿದೆ, ನೀನು ಹೋಗಿ ಬಾ ಎಂದು ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಬತೇರಿ ಎಂದರೆ ಕೋಟೆಯಲ್ಲಿ ಕಡಲಿನೊಳಕ್ಕೆ ಚಾಚಿದ ದುಂಡು ಬುರುಜು, ಹಿಂದೆ ತೋಪು ಇಟ್ಟಿದ್ದ ಜಾಗ. ಗುಲಾಬಿಯಕ್ಕ ನನ್ನ ಜೊತೆ ಬಂದಳು. ಕಡಲೆಕಾಯಿ ತಿನ್ನುವ ಪ್ರವಾಸಿಗಳು, ಮೊಬೈಲು ಎತ್ತಿ ಹಿಡಿದವರು, ಮಕ್ಕಳು, ಎಲ್ಲ ಗಲಾಟೆ. ಗಾಳಿ ದಿಕ್ಕು ಬದಲಿಸಿದ್ದೇ ಗುಲಾಬಿಯಕ್ಕ ನನ್ನ ಮೊಣಕೈ ಹಿಡಿದಳು. ಮೊದಲು ಬಂದದ್ದು ಒಂದು ಗಡಸು ಗಂಡುದನಿ, ಅರ್ಥವಾಗದ ಭಾಷೆಯಲ್ಲಿ ಒಂದೇ ಒಂದು ಹೆಸರು. ಪರಂಗಿ ಕಪ್ತಾನನದಂತೆ, ನೂರಾರು ವರ್ಷದ್ದು. ಹೆಂಡತಿಯ ಹೆಸರೇ ಇರಬೇಕು, ಪಾಪ, ಓ ಅನ್ನುವವಳು ಯಾವ ದೇಶದ ಮಣ್ಣಾದಳೋ. ಆಮೇಲೆ ಯಾರೋ ನಾಯಿಯನ್ನು ಕರೆದರು, ಯಾರೋ ದೋಣಿಯವನನ್ನು. ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಆಮೇಲೆ ಅದು ಬಂತು.

"ಸೂರಾ... ಹೋಯ್ ಸೂರಾ... ಅವಲಕ್ಕಿ ಗಂಟ್ ಬಿಟ್ಟ್ ಹ್ವಾದ್ಯಲಾ... ಸೂರಾ..."

ನನ್ನ ದನಿ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ, ನನ್ನ ದನಿ ಕಡಲಿನ ಕಡೆಯಿಂದ ಬರುತ್ತಿದೆ. ಹೆಸರನ್ನು ಎಳೆದು ಕೊನೆಯಲ್ಲಿ ಮೇಲಕ್ಕೆ ಎತ್ತುವ ಆ ರಾಗ ನಾನು ದಿನಾ ಅಪ್ಪನನ್ನು ಊಟಕ್ಕೆ ಕರೆಯುವ ರಾಗವೇ. ನನ್ನ ಅಜ್ಜಿಯ ಒಂದು ಫೋಟೋ ಕೂಡ ನಾನು ನೋಡಿದವಳಲ್ಲ. ಹೆಸರು ಸೇಸಮ್ಮ ಎಂಬುದೊಂದು ಬಿಟ್ಟರೆ ನನಗೆ ಅವಳ ಬಗ್ಗೆ ಏನೂ ಗೊತ್ತಿರಲಿಲ್ಲ. ಅವಳು ಇಷ್ಟು ಹತ್ತಿರದಲ್ಲಿ, ನನ್ನ ಗಂಟಲಿನಲ್ಲೇ ಇದ್ದಳೆಂದು ತಿಳಿದು ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಒಬ್ಬ ಪ್ರವಾಸಿ ಹೆಂಗಸು "ಅವಲಕ್ಕಿಗೋಸ್ಕರ ಇಷ್ಟು ಕೂಗೋದಾ!" ಎಂದು ನಕ್ಕಳು. ಕೆಳಗೆ ಊರಿನಲ್ಲಿ ದೀಪಗಳು ಹತ್ತಿಕೊಂಡವು. ಹೊಟೇಲಿನವನು ಇಡ್ಲಿ ಒಲೆ ಹಚ್ಚಿದ. ದೀಪಸ್ತಂಭದ ಬೆಳಕೂ ಆ ಕರೆ ಮುಗಿದ ಮೇಲೆಯೇ ಸುತ್ತಲು ಶುರುವಾಯಿತು.

"ಮಧ್ಯಾಹ್ನ ನೀವ್ ಕರ್ದಾಗ್ಲೇ ನಂಗೆ ಗೊತ್ತಾಯ್ತ್" ಎಂದಳು ಗುಲಾಬಿಯಕ್ಕ. "ಅಪ್ಪನ್ ಹೆಸ್ರ್ ಹೇಳುದ್ ಬ್ಯಾಡ. ಬಾಗ್ಲಿನ್ ಮೀನ್ ಮುಟ್ಟದ್ದ್ ಕಂಡೆ." ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕುಳಿತು ಎಲ್ಲ ಹೇಳಿದಳು. ಗಂಡ ತೀರಿಹೋದ ಮೇಲೆ ಸೇಸಮ್ಮ ಮಗನಾದರೂ ಕಡಲಿಗೆ ಬೀಳದೆ ಬದುಕಲಿ ಎಂದು, ಒಳನಾಡಿನಲ್ಲಿ ಕೆಲಸ ಮಾಡುತ್ತಿದ್ದ ತನ್ನ ತಮ್ಮನ ಜೊತೆ ಮಂಜಿ ಹತ್ತಿಸಿದಳು. ಈ ಊರಿನಲ್ಲಿ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ. ಕರೆದರೆ ಕಡಲು ಆ ಹೆಸರನ್ನು ಕಲಿತುಬಿಡುತ್ತದೆ ಎನ್ನುತ್ತಾರೆ. ಅದಕ್ಕೇ ಕಳಿಸಲು ಬಂದ ಹೆಂಗಸರು ಬಾಯಿ ತಪ್ಪೀತೆಂದು ಸೆರಗು ಕಚ್ಚಿಕೊಂಡು ನಿಲ್ಲುತ್ತಾರೆ. ಸೇಸಮ್ಮನೂ ಹಾಗೇ ನಿಂತಿದ್ದಳು. ಮಂಜಿ ಹಾಯಿ ಬಿಚ್ಚಿ ಹೊರಟಿತು. ಆಗ ನೋಡುತ್ತಾಳೆ, ದಾರಿಗೆಂದು ಬೆಲ್ಲ ಹಾಕಿ ಕಟ್ಟಿಕೊಟ್ಟಿದ್ದ ಅವಲಕ್ಕಿ ದಕ್ಕೆಯ ಕಟ್ಟೆಯ ಮೇಲೇ ಕೂತಿದೆ. ಮಗು ಹಸಿದುಕೊಂಡು ಹೋಗುತ್ತದಲ್ಲ ಎಂಬ ಗಾಬರಿಗೆ ಸೆರಗು ಬಾಯಿಂದ ಜಾರಿತು. ಗಂಟು ಎತ್ತಿಕೊಂಡು ಬತೇರಿಯ ತನಕ ಓಡಿ, ಕೂಗಿದಳು.

"ಆಮೇಲೆ ಸಾಯೋ ತನ್ಕ ಸೇಸಮ್ಮ ಯಾರನ್ನೂ ಕರಿಲಿಲ್ಲ ಕಾಣಿ. ನನ್ನನ್ನೂ ಕರಿಲಿಲ್ಲ. ಕೈ ತಟ್ಟಿರೆ ನಾ ಬಪ್ಪುದ್" ಎಂದಳು. ಪಕ್ಕದ ಮನೆಯ ಹುಡುಗಿಯಾಗಿದ್ದ ಗುಲಾಬಿಯಕ್ಕನೇ ಕೊನೆಯವರೆಗೂ ಅಜ್ಜಿಯನ್ನು ನೋಡಿಕೊಂಡವಳು. ಮದುವೆಯಾಗಲಿಲ್ಲ. ಮನೆಯೂ ಅವಳ ಪಾಲಿಗೇ ಬಂತು. "ಸಂಜಿ ಈ ಕರೆ ಕೇಂಡ್ ಮೇಲೇ ನಾ ದೀಪ ಹಚ್ಚುದ್, ಅಕ್ಕಿ ಹಾಕುದ್. ಸೂರಣ್ಣ ಓ ಅಂದ್ರೆ ಇದ್ ನಿಲ್ತ್. ನಿಲ್ಲಲಿ. ಪಾಪ, ಎಷ್ಟ್ ಕರಿಯುದ್ ಅದ್... ಆರೆ ನಂಗೆ..." ಎಂದು ಅಲ್ಲಿಗೆ ಬಿಟ್ಟಳು. ಎದ್ದು ಸೀರೆ ಕೊಡವಿಕೊಳ್ಳುತ್ತ ಬೇರೆಯೇ ಮಾತಿನಂತೆ ಅಂದಳು, "ಈ ಊರಲ್ಲ್ ಬಾಯ್ ತಪ್ಪಿಯೂ ಕಡ್ಲಿಗೆ ಒಂದೂ ಕರೆ ಹಾಕದೇ ಇದ್ದವ್ಳ್ ಅಂದ್ರೆ ನಾನೇ. ಕರಿಯುಕೆ ಯಾರಿದ್ರ್ ನಂಗೆ?"

ಮನೆಗೆ ಬಂದಾಗ ಅಪ್ಪ ಎದ್ದು ಕುಳಿತಿದ್ದ. ಬಂತಾ ಎಂದು ಕೇಳಲಿಲ್ಲ, ಬರೀ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಊಟದ ಮುಂದೆ ಕುಳಿತು, ಕಾಣೆ ಮೀನಿನ ಮುಳ್ಳು ಬಿಡಿಸುತ್ತ, ಅವನಾಗಿಯೇ ಮಾತಾಡಿದ. "ಮಂಜಿಯ ಮೇಲೆ ನಂಗೆ ಬರೀ ಹೆಸರು ಕೇಳ್ಸಿತು ಕಣಮ್ಮ. ಮಿಕ್ಕಿದ್ದು ಗಾಳಿಗೆ ಹೋಯ್ತು. ಮಾವ ನನ್ನ ಬಾಯಿ ಒತ್ತಿ ಹಿಡಿದ. ಓ ಅಂದ್ರೆ ವಾಪಸ್ ಹೋಗ್ಬೇಕಾಗ್ತದೆ, ಅಂತ. ನಂಗೊತ್ತು, ಹೋಗ್ಬೇಡ ಅಂತಿದ್ಳು. ಬಾ ಅಂತಿದ್ಳು. ನಾನು ಹೋಗ್ಬಿಟ್ಟೆ." ಅವಳು ಹಾಗನ್ನಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವನು ಕೈ ಅಡ್ಡ ಮಾಡಿದ. "ಹೇಳ್ಬೇಡ. ಅವಳು ಹೋದ ಸುದ್ದಿ ಬಂದಾಗ ಡಿಪೋದಲ್ಲಿ ಎಲ್ರೂ ಅತ್ಕೋ ಅಂದ್ರು. ನಂಗೆ ಅಳು ಬರ್ಲಿಲ್ಲ. ಅಲ್ಲಿ ಇನ್ನೂ ಕರೀತಾನೇ ಇದ್ದಾಳಲ್ಲ, ಸತ್ತಿದ್ದೆಲ್ಲಿ? ನಾನು ಓ ಅನ್ನದಿದ್ರೆ ಅವಳು ಇರ್ತಾಳೆ. ಒಂದೇ ಒಂದು ಸಲ ಹೋಗಿ ಕೇಳ್ಬೇಕು, ಕಣ್ಣು ಮುಚ್ಚೋ ಮೊದಲು ಕೇಳಿ ಓ ಅನ್ಬೇಕು ಅಂತ ಇಟ್ಕೊಂಡಿದ್ದೆ. ಇಟ್ಕೊಂಡು ಇಟ್ಕೊಂಡು ಕಿವೀನೇ ಹೋಯ್ತು ನೋಡು."

ಹೊರಡುವಾಗ ನಕ್ಕಿದ್ದು ಸುಳ್ಳು ನಗು ಎಂದು ನನಗೆ ಆಗ ಅರ್ಥವಾಯಿತು. ಈ ಮುದುಕ ಏನೂ ಕೇಳಿಸುವುದಿಲ್ಲವೆಂಬ ಧೈರ್ಯಕ್ಕೆ ಬಂದವನಲ್ಲ. ಅಮ್ಮನ ಹತ್ತಿರ ಬಂದರೆ ಸತ್ತ ಕಿವಿಗೂ ಕೇಳಿಸೀತು ಎಂಬ ಆಸೆಗೆ ಬಂದವನು. ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದೆ.

ಮರುದಿನ ಸಂಜೆ ಅವನು ಯಾರೂ ಹೇಳದೆಯೇ ಶರಟು ಹಾಕಿಕೊಂಡ, ತಲೆ ಬಾಚಿಕೊಂಡ. ಮೂವರೂ ಬತೇರಿಗೆ ಹೋದೆವು. ಮೊಯ್ದಿನ್‌ಗೆ ಗುಲಾಬಿಯಕ್ಕ ಏನು ಹೇಳಿದ್ದಳೋ, ಪ್ರವಾಸಿಗಳನ್ನೆಲ್ಲ ಸೂರ್ಯಾಸ್ತ ಚೆಂದ ಕಾಣುತ್ತದೆಂದು ದೀಪಸ್ತಂಭದ ಕಡೆ ಸಾಗಿಸಿದ್ದರು. ಅಪ್ಪ ಗೋಡೆಗೆ ಎದೆಯೊತ್ತಿ, ಎಡಗಿವಿಯನ್ನು ಕಡಲಿಗೆ ಕೊಟ್ಟು ನಿಂತ. ಗಾಳಿ ತಿರುಗಿತು. ಕಪ್ತಾನ ಕರೆದ. ನಾಯಿಯನ್ನು ಕರೆದರು. ಆಮೇಲೆ "ಸೂರಾ... ಹೋಯ್ ಸೂರಾ..." ಬಂತು. ನಿಚ್ಚಳವಾಗಿ ಬಂತು. ಅಪ್ಪ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದ. ಅವನಿಗೆ ಬಂದದ್ದೇ ಗೊತ್ತಾಗಲಿಲ್ಲ. ಮೊಮ್ಮಗಳಿಗೆ ಕೇಳುತ್ತದೆ, ಪಕ್ಕದ ಮನೆಯವಳಿಗೆ ಕೇಳುತ್ತದೆ, ಊರಿಗೆಲ್ಲ ಕೇಳುತ್ತದೆ. ಕರೆಸಿಕೊಂಡವನಿಗೆ ಇಲ್ಲ. ನನಗೆ ಆ ಕಡಲಿನ ಮೇಲೆ, ಡಿಪೋದ ಮೇಲೆ, ಅವನ ಬಾಯಿ ಒತ್ತಿದ ಆ ಮಾವನ ಮೇಲೆ ಸಿಟ್ಟು ಒತ್ತರಿಸಿ ಬಂತು.

ಆ ಸಿಟ್ಟಿನಲ್ಲೇ ಅವನ ಕಿವಿ ಹಿಡಿದು ಬಾಯಿಟ್ಟೆ. ಅಜ್ಜಿಯ ಕರೆ ಇನ್ನೂ ಗಾಳಿಯಲ್ಲಿತ್ತು. ಅದರ ಹಿಂದೆಯೇ, ಅದೇ ಎಳೆತದಲ್ಲಿ, ಅವಳು ಎತ್ತಿದ ಕಡೆ ಎತ್ತಿ, ಇಳಿಸಿದ ಕಡೆ ಇಳಿಸಿ ಕೂಗಿದೆ. "ಸೂರಾ... ಹೋಯ್ ಸೂರಾ... ಅವಲಕ್ಕಿ ಗಂಟ್ ಬಿಟ್ಟ್ ಹ್ವಾದ್ಯಲಾ... ಸೂರಾ..."

ಅಪ್ಪ ಕಣ್ಣು ತೆರೆದ. ನಿಧಾನವಾಗಿ ನನ್ನ ಕಡೆ ತಿರುಗಿದ. "ಏನು? ಏನು ಬಿಟ್ಟೆ ಅಂತಾಳೆ?" ಎಂದ. "ಅವಲಕ್ಕಿ ಗಂಟಪ್ಪಾ! ಗಂಟು ಬಿಟ್ಟು ಹೋದೆ ಅಂತ ಕರೀತಿದ್ದಾಳೆ!" ಎಂದು ಕಿರುಚಿದೆ. "ಹೋಗ್ಬೇಡ ಅನ್ನಲ್ವಾ?" "ಇಲ್ಲ! ಅಷ್ಟೇ ಅನ್ನೋದು!" ಅವನು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ. ಆಮೇಲೆ ನಗು ಬಂತು ಅವನಿಗೆ, ಹೊಟ್ಟೆಯಿಂದ ಬಂತು. ನಗುತ್ತಲೇ ಅತ್ತ. "ಬೆಲ್ಲ ಹಾಕಿದ್ಳು ಅದಕ್ಕೆ. ಥೂ... ದಾರಿಯೆಲ್ಲಾ ಹುಡುಕಿದ್ದೆ ಕಣೇ, ಮಾವ ತಿಂದ ಅಂದ್ಕಂಡಿದ್ದೆ!" ಎಂದು ಗೋಡೆಯನ್ನು ಗುದ್ದಿದ. ಗುಲಾಬಿಯಕ್ಕನೂ ಅಳುತ್ತಿದ್ದಳು, ನಗುತ್ತಿದ್ದಳು. ಕಡಲಿನಿಂದ ಕೊನೆಯ ಸಲ "ಸೂರಾ..." ಎಂದದ್ದು ಇನ್ನೇನು ಆರಿಹೋಗುವುದರಲ್ಲಿತ್ತು. ನಾನು ಅವನ ಬೆನ್ನ ಮೇಲೆ ಕೈಯಿಟ್ಟು, ಈಗ, ಎಂದು ಒತ್ತಿದೆ.

"ಓ..." ಎಂದ ಅಪ್ಪ. ಮುದಿ ಗಂಟಲು ಒಡೆಯುವ ಹಾಗೆ, ಅರವತ್ತು ವರ್ಷ ಆಡದಿದ್ದ ಭಾಷೆಯಲ್ಲಿ ಕೂಗಿದ. "ಓ... ಅಬ್ಬೇ... ಬಂದೇ..."

ಮೂರನೆಯ ದಿನ ಸಂಜೆ ಕಪ್ತಾನ ಕರೆದ, ನಾಯಿಯನ್ನು ಕರೆದರು, ದೋಣಿಯವನನ್ನು ಕರೆದರು. ಅಷ್ಟೇ. ಊರು ಸ್ವಲ್ಪ ಹೊತ್ತು ಕಾದ ಹಾಗಿತ್ತು. ಆ ದಿನ ದೀಪಸ್ತಂಭ ತಡವಾಗಿ ಹತ್ತಿತು. ಹೊಟೇಲಿನಲ್ಲಿ ಇಡ್ಲಿ ಆಗಿರಲಿಲ್ಲ. ಆಟಕ್ಕೆ ಹೋದ ಮಕ್ಕಳು ಕತ್ತಲಾದರೂ ಬರಲಿಲ್ಲವೆಂದು ತಾಯಂದಿರು ಓಣಿಯಲ್ಲಿ ಹುಡುಕುತ್ತಿದ್ದರು. ಯಾರೂ ಅಪ್ಪನನ್ನು ಬೈಯಲಿಲ್ಲ. ಒಬ್ಬೊಬ್ಬರೇ ಬಂದು, ಬಾಗಿಲ ಮೀನಿನ ಹತ್ತಿರ ನಿಂತು, "ಸೂರಣ್ಣ ಅಲ್ದಾ?" ಎಂದು ಕೈ ಹಿಡಿದು ಹೋದರು. ಮೊಯ್ದಿನ್ ಮಾತ್ರ "ನಂಬರ್ ಒನ್ ಹೋಯ್ತಲ್ಲ ಮಾರಾಯ್ರೆ, ಇನ್ನು ಜನಕ್ಕೆ ಎಂತ ತೋರಿಸುದು ನಾನು?" ಎಂದು ತಲೆ ಕೆರೆದುಕೊಂಡರು. ಆಮೇಲೆ ಅವರೇ ಅಪ್ಪನಿಗೆ ಅಂಜಲ್ ಮೀನು ತಂದುಕೊಟ್ಟರು. ಅಪ್ಪ ಹೊಟ್ಟೆ ತುಂಬ ಉಂಡು, ಮಗುವಿನ ಹಾಗೆ ಮಲಗಿದ.

ಗುಲಾಬಿಯಕ್ಕ ಮೆಟ್ಟಿಲ ಮೇಲೆ ಕುಳಿತಿದ್ದಳು. ಒಲೆ ತಣ್ಣಗಿತ್ತು, ದೀಪ ಹಚ್ಚಿರಲಿಲ್ಲ. "ಮುಸ್ಸಂಜಿ ಆದ್ದೇ ಗೊತ್ತಾಯ್ಲಿಲ್ಲ ಕಾಣಿ" ಎಂದು ತಪ್ಪು ಮಾಡಿದವಳಂತೆ ಎದ್ದಳು. ನಾನೇ ಹೋಗಿ ದೀಪ ಹಚ್ಚಿದೆ. ಅಡುಗೆಮನೆಯಲ್ಲಿ ಅವಳು ಅಕ್ಕಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಿನ ಕಡೆ ಕಿವಿಗೊಟ್ಟು ನಿಂತದ್ದನ್ನು ನೋಡಿದೆ. ನಮ್ಮಪ್ಪನಿಗೆ ಅವನ ಅಮ್ಮನನ್ನು ತಲುಪಿಸಿದೆನೆಂದು ಬೀಗುತ್ತಿದ್ದವಳಿಗೆ, ಇವಳ ಅಮ್ಮನನ್ನೂ ಕರೆದುಕೊಂಡು ಹೋಗಿಬಿಟ್ಟೆನಲ್ಲ ಅನ್ನಿಸಿತು. ಅಷ್ಟು ವರ್ಷ ದಿನಾ ಸಂಜೆ ಜೊತೆಗಿದ್ದದ್ದು ಇವಳಿಗೆ, ನಮಗಲ್ಲ.

ಮಾರನೆಯ ಮಧ್ಯಾಹ್ನ ಹೊರಟೆವು. ದಾರಿಗೆಂದು ಗುಲಾಬಿಯಕ್ಕ ಬೆಲ್ಲ, ಕಾಯಿತುರಿ ಹಾಕಿ ಅವಲಕ್ಕಿ ಕಲಸಿ, ಬಾಳೆಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. "ಈ ಸಲ ನೀವೇ ಹಿಡ್ಕಣಿ ಪಮ್ಮಿ, ನಿಮ್ಮಪ್ಪನ್ ಕೈಲಿ ಕೊಡುಕಾಗ" ಎಂದಳು. ನನ್ನ ಹೆಸರು ಪ್ರಮೀಳಾ, ಅಪ್ಪ ಕರೆಯುವುದು ಪಮ್ಮಿ ಎಂದು. ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ದಕ್ಕೆಯ ಕಟ್ಟೆಯ ಮೇಲೆ ಗಂಟು ಇಟ್ಟು ಅವಳನ್ನು ಅಪ್ಪಿಕೊಂಡೆ. ಮೀನಿನ, ಉಪ್ಪಿನ, ತೆಂಗಿನೆಣ್ಣೆಯ ವಾಸನೆ. ಬಿಡಲು ಮನಸ್ಸೇ ಇರಲಿಲ್ಲ. ಲಾಂಚಿನವನು ಅವಸರ ಮಾಡಿದ. ಅಪ್ಪನ ಕೈ ಹಿಡಿದು ಹತ್ತಿಸಿದೆ, ನಾನೂ ಹತ್ತಿದೆ. ಗಂಟನ್ನು ಅಲ್ಲೇ ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟೆ.

ಲಾಂಚು ದಕ್ಕೆ ಬಿಟ್ಟು ಅಳಿವೆಯ ಕಡೆ ತಿರುಗಿತು. ಗುಲಾಬಿಯಕ್ಕ ಉಳಿದ ಹೆಂಗಸರ ಜೊತೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ನಾನು ಬೆನ್ನು ಹಾಕಿ ಕುಳಿತೆ. ತಿರುಗಿ ನೋಡಬಾರದೆಂದು ನನಗೆ ನಾನೇ ಹೇಳಿಕೊಂಡೆ. ನೀರು ಅಗಲವಾಗುತ್ತ ಹೋಯಿತು. ಗಂಟನ್ನು ಅವಳು ನೋಡಿರಲಾರಳು ಅಂದುಕೊಂಡೆ. ನೋಡಿದರೂ ಹುಟ್ಟಿದಾಗಿನಿಂದ ಕಚ್ಚಿದ ಸೆರಗನ್ನು ನನಗಾಗಿ ಯಾಕೆ ಬಿಟ್ಟಾಳು, ನಾನು ಅವಳಿಗೆ ಏನಾಗಬೇಕು ಅಂದುಕೊಂಡೆ. ದಕ್ಕೆಯ ಗದ್ದಲವೆಲ್ಲ ಎಂಜಿನಿನ ಸದ್ದಿನಲ್ಲಿ ಮುಳುಗಿತು. ಅಷ್ಟರಲ್ಲಿ ಹಿಂದಿನಿಂದ, ಅಭ್ಯಾಸವಿಲ್ಲದ, ಅರ್ಧಕ್ಕೇ ಒಡೆದು ಮತ್ತೆ ಎದ್ದುಕೊಂಡ ಒಂದು ದನಿ ಬಂತು.

"ಪಮ್ಮೀ... ಹೋಯ್ ಪಮ್ಮೀ... ಗಂಟ್ ಬಿಟ್ಟ್ ಹ್ವಾದ್ಯಲಾ..."

ನೀವು, ತಾವು ಎಲ್ಲ ಬಿಟ್ಟು, ಮನೆಯ ಮಗಳನ್ನು ಕರೆದ ಹಾಗೆ ಕರೆದಳು. ಲಾಂಚಿನಲ್ಲಿದ್ದ ಊರಿನವರೆಲ್ಲ ನನ್ನ ಕಡೆ ತಿರುಗಿದರು. ಓ ಅನ್ನಿ, ಓ ಅನ್ನಿ ಎಂದು ಒಬ್ಬ ಮುದುಕ ಗಾಬರಿಯಿಂದ ಕೈಸನ್ನೆ ಮಾಡಿದ. ದಿನವಿಡೀ ಕೂಗಾಡುವ ಗಂಟಲು ನನ್ನದು, ಓ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನಾಳೆ ಸಂಜೆ ಅವಳಿಗೆ ದೀಪ ಹಚ್ಚಲು ಒಂದು ಕರೆ ಬೇಕಲ್ಲ ಎಂದು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದೆ.

ಅಪ್ಪ ನನ್ನ ಮುಖ ನೋಡಿ ಗಾಬರಿಯಾದ. "ಯಾಕಮ್ಮಾ? ಯಾರಾದ್ರೂ ಕರೆದ್ರಾ?" ಎಂದ. ಹೌದೆಂದು ತಲೆಯಾಡಿಸಿದೆ. "ಓ ಅಂದ್ಯಾ?" ಎಂದ.

ಇಲ್ಲ ಎಂದು ಕೈಯಾಡಿಸಿದೆ. ಅವನು ಅರ್ಥವಾದವನಂತೆ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. "ನಿಂಗೆ ಕಿವಿ ಚೆನ್ನಾಗಿದೆ. ನನ್ನ ಹಾಗೆ ತಡ ಮಾಡ್ಬೇಡ" ಎಂದ.